ಮನೆಯೊಳಗೊಂದು ಪುಟ್ಟ ಕೆರೆ

ನಮ್ಮ ತಾಲೂಕಿನ ಊರುಗಳಲ್ಲಿ ಕೆಲವು ಸಾಮಾನುಗಳು ಒಂದು ಮನೆಯಿಂದ ಇನ್ನೊಂದು ಮನೆಗೆ ತಿರುಗುತ್ತಲೇ ಇರುತ್ತವೆ. ಮೀನಿನ ತೊಟ್ಟಿಯೂ ಅವುಗಳಲ್ಲೊಂದು. ಅಧಿಕಾರಿಗಳಿಗೆ ವರ್ಗವಾದಾಗ ಉಳಿದುದೆಲ್ಲ ಲಾರಿಯನ್ನೇರುತ್ತದೆ. ಗಾಜಿನ ತೊಟ್ಟಿ ಮಾತ್ರ ನೆರೆಮನೆಯವರ ಪಾಲಿಗೆ ಬರುತ್ತದೆ. ಹುಬ್ಬಳ್ಳಿಯ ಹಳೆಯ ಸಾಮಾನಿನ ಅಂಗಡಿಗಳಲ್ಲಿಯೂ ಅರ್ಧ ಬೆಲೆಗೆ ಇಂಥವು ದೊರೆಯುವುದುಂಟು. ಹೀಗೆ ಬಂದ ತೊಟ್ಟಿ ಕೆಲವು ಕಾಲ ಅಟ್ಟದ ಮೇಲೆ ಧೂಳು ತಿನ್ನುತ್ತದೆ. ಒಂದು ದಿನ ಮಕ್ಕಳು ಹಟ ಹಿಡಿಯುತ್ತಾರೆ. ತೊಟ್ಟಿಯನ್ನು ಇಳಿಸಿ, ತೊಳೆದು, ನಳದ ನೀರು ತುಂಬಿ, ಅಂದು ಸಂಜೆಯೇ ನಾಲ್ಕು ಚಿನ್ನದ ಮೀನುಗಳನ್ನು ತಂದು ಬಿಡುತ್ತೇವೆ. ಎಂಟು ಹತ್ತು ದಿನಗಳಲ್ಲಿ ಮೀನುಗಳು ಒಂದೊಂದಾಗಿ ಹೊಟ್ಟೆ ಮೇಲಾಗಿ ತೇಲತೊಡಗುತ್ತವೆ. ಅಂಗಡಿಯವನು ರೋಗದ ಮೀನು ಕೊಟ್ಟನೆಂದು ಒಬ್ಬರು, ನಮ್ಮ ಕೈಗುಣವೇ ಸರಿಯಿಲ್ಲವೆಂದು ಇನ್ನೊಬ್ಬರು. ತೊಟ್ಟಿ ಮರಳಿ ಅಟ್ಟಕ್ಕೆ ಹೋಗುತ್ತದೆ.

ಹೆಚ್ಚಿನ ಮನೆಗಳಲ್ಲಿ ಅಂಗಡಿಯವನದೂ ತಪ್ಪಿರುವುದಿಲ್ಲ, ಕೈಗುಣದ್ದೂ ಇರುವುದಿಲ್ಲ. ಮೀನು ಬಂದಾಗ ನೀರು ಇನ್ನೂ ಸಿದ್ಧವಾಗಿರಲಿಲ್ಲ, ಅಷ್ಟೇ. ನೀರು ಸಿದ್ಧವಾಗುವುದೆಂದರೇನು, ಹಳೆಯ ತೊಟ್ಟಿಯನ್ನು ದುರಸ್ತಿ ಮಾಡಿ ಗಿಡ ನೆಟ್ಟು ಅದನ್ನು ಹೇಗೆ ಸಿದ್ಧಪಡಿಸಬೇಕು ಎಂಬುದನ್ನು ಇಲ್ಲಿ ಕ್ರಮವಾಗಿ ನೋಡೋಣ.

ತೊಟ್ಟಿಯೆಂದರೆ ಒಂದು ಪುಟ್ಟ ಕೆರೆ. ಎರಿ ಭೂಮಿಯವರಿಗೆ ಕೆರೆಯ ಬೆಲೆಯನ್ನು ಬೇರೆಯವರು ಹೇಳಬೇಕಾಗಿಲ್ಲ. ನವಲಗುಂದದ ಕಡೆ ಭೂಮಿ ತೋಡಿದರೆ ಬರುವುದು ಬಹುಮಟ್ಟಿಗೆ ಸವಳು ನೀರು. ಅದಕ್ಕಾಗಿಯೇ ನೀಲಮ್ಮನ ಕೆರೆಯಂಥ ಕೆರೆಗಳನ್ನು ಜನ ಕಣ್ಣಿನಂತೆ ಕಾಯ್ದುಕೊಂಡು ಬಂದರು. ಕೆರೆಯಲ್ಲಿ ಮೀನಿದೆ, ಜೊಂಡಿದೆ, ಬಸವನಹುಳುವಿದೆ. ಎಲೆ ಉದುರಿ ಕೊಳೆಯುತ್ತದೆ, ಜೀವಿಗಳು ಸಾಯುತ್ತವೆ. ಆದರೂ ಒಳ್ಳೆಯ ಕೆರೆಯ ನೀರು ನಾರುವುದಿಲ್ಲ. ಅಲ್ಲಿ ಯಾರೂ ಯಂತ್ರ ಹಚ್ಚಿಲ್ಲ. ಒಂದರ ಹೊಲಸು ಇನ್ನೊಂದರ ಆಹಾರವಾಗುವ ಏರ್ಪಾಡು ಅಲ್ಲಿದೆ. ಅದೇ ಏರ್ಪಾಡನ್ನು ಎರಡು ಅಡಿ ಉದ್ದದ ಗಾಜಿನೊಳಗೆ ತರುವುದೇ ನಮ್ಮ ಕೆಲಸ.

ಮೀನಿನ ನಡವಳಿಕೆಯನ್ನು ಕುತೂಹಲದಿಂದ ನೋಡುವುದು ಕನ್ನಡ ನಾಡಿಗೆ ಹೊಸದಲ್ಲ. ೧೨ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂಬ ಭಾಗವೇ ಇದೆ. ಮೀನುಗಳ ಜಾತಿಗಳನ್ನೂ ಅವು ತಿನ್ನುವ ಆಹಾರವನ್ನೂ ಅಲ್ಲಿ ವಿವರಿಸಿದ್ದಾನೆ. ಆದರೆ ಗಾಜಿನೊಳಗೆ ನೀರನ್ನು ಜೀವಂತವಾಗಿ ಇಡುವ ಬಗೆ ತಿಳಿದುದು ಬಹಳ ತಡವಾಗಿ. ೧೮೫೦ರ ಸುಮಾರಿಗೆ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್‌ಟನ್ ಎಂಬವರು ಒಂದು ಪಾತ್ರೆಯಲ್ಲಿ ಎರಡು ಚಿನ್ನದ ಮೀನುಗಳನ್ನೂ ವ್ಯಾಲಿಸ್ನೇರಿಯ ಎಂಬ ನೀರುಗಿಡವನ್ನೂ ಇಟ್ಟರು. ಕೆಲವು ದಿನಗಳ ಮೇಲೆ ಗಿಡದ ಹಳೆಯ ಎಲೆಗಳು ಕೊಳೆತು ನೀರು ಕೆಟ್ಟಿತು. ಆಗ ಅವರು ಬಸವನಹುಳುಗಳನ್ನು ಬಿಟ್ಟರು. ಹುಳುಗಳು ಕೊಳೆತುದನ್ನು ತಿಂದುವು, ನೀರು ತಿಳಿಯಾಯಿತು. ಇದಾದ ಮೇಲೆ ೧೮೫೩ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕರಿಗಾಗಿ ಮತ್ಸ್ಯಾಲಯ ತೆರೆಯಿತು. ಧಾರವಾಡ ಜಿಲ್ಲೆ ಮುಂಬಯಿ ರಾಜ್ಯದಲ್ಲಿದ್ದ ಕಾಲಕ್ಕೆ, ೧೯೫೧ರಲ್ಲಿ, ಮುಂಬಯಿಯ ತಾರಾಪೋರವಾಲಾ ಮತ್ಸ್ಯಾಲಯ ಆರಂಭವಾಯಿತು. ನಮ್ಮ ಹಿರಿಯರಲ್ಲಿ ಅನೇಕರು ಗಾಜಿನ ಹಿಂದಿನ ಮೀನನ್ನು ಮೊದಲು ಕಂಡುದು ಅಲ್ಲಿಯೇ ಇರಬೇಕು.

ಮೀನು ಮತ್ತು ಗಿಡ ಪರಸ್ಪರ ಉಸಿರು ಕೊಟ್ಟುಕೊಳ್ಳುತ್ತವೆಂದು ವಾರಿಂಗ್‌ಟನ್ನರು ತಿಳಿದಿದ್ದರು. ಅದು ನಿಜ. ಆದರೆ ಕಣ್ಣಿಗೆ ಕಾಣದ ಮೂರನೆಯ ಪಾಲುದಾರನೊಬ್ಬನಿದ್ದಾನೆ. ಮೀನು ತನ್ನ ದೇಹದ ತ್ಯಾಜ್ಯವನ್ನು ಹೆಚ್ಚಾಗಿ ಕಿವಿರುಗಳ ಮೂಲಕ ಅಮೋನಿಯವಾಗಿ ಹೊರಗೆ ಬಿಡುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತರೂ ಅಮೋನಿಯವೇ ಹುಟ್ಟುತ್ತದೆ. ಇದು ಮೀನಿಗೆ ವಿಷ. ಒಂದು ಜಾತಿಯ ಬ್ಯಾಕ್ಟೀರಿಯಗಳು ಇದನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ, ಅದೂ ವಿಷವೇ. ಮತ್ತೊಂದು ಜಾತಿಯವು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ಸಣ್ಣ ಪ್ರಮಾಣದಲ್ಲಿ ಮೀನಿಗೆ ಅಷ್ಟು ಬಾಧಕವಲ್ಲ. ಗಿಡಕ್ಕಂತೂ ಅದು ಗೊಬ್ಬರ. ಹೊಲದ ಮಣ್ಣಿನಲ್ಲಿ ನಡೆಯುವುದೂ ಇದೇ ಕೆಲಸ. ಈ ಬ್ಯಾಕ್ಟೀರಿಯಗಳು ಮರಳಿನ ಮೇಲೆ, ಎಲೆಯ ಮೇಲೆ, ಗಾಜಿನ ಮೇಲೆ ನಿಧಾನವಾಗಿ ನೆಲೆಯೂರಬೇಕು. ಅದಕ್ಕೆ ಸಾಧಾರಣವಾಗಿ ನಾಲ್ಕರಿಂದ ಆರು ವಾರ ಬೇಕು. ಮೊದಲ ದಿನವೇ ಬಿಟ್ಟ ಮೀನು ಎಂಟನೆಯ ದಿನ ಸಾಯುವುದೇಕೆಂಬುದು ಈಗ ತಿಳಿಯಿತಲ್ಲವೆ? ಪಾಕಶಾಲೆಗೆ ಅಡಿಗೆಯವರು ಬರುವುದಕ್ಕೆ ಮೊದಲೇ ನಾವು ಪಂಕ್ತಿ ಕೂರಿಸಿರುತ್ತೇವೆ.

ಇನ್ನು ತೊಟ್ಟಿಯ ವಿಷಯ. ಹಳೆಯ ತೊಟ್ಟಿಯನ್ನು ಕೊಳ್ಳುವಾಗ ಮೊದಲು ಗಾಜನ್ನು ಪರೀಕ್ಷಿಸಿರಿ. ಮೂಲೆಯಲ್ಲಿ ಚಿಕ್ಕ ಚೂರು ಹಾರಿದ್ದರೆ ಚಿಂತೆಯಿಲ್ಲ. ಉದ್ದಕ್ಕೆ ಓಡಿದ ಸೀಳಿದ್ದರೆ ಅಂಥ ತೊಟ್ಟಿ ಪುಕ್ಕಟೆ ಬಂದರೂ ಬೇಡ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಗೆ ಗಾಜು ೫ ಮಿಲಿಮೀಟರಿಗೆ ಕಡಿಮೆಯಿರಬಾರದು. ಕಬ್ಬಿಣದ ಚೌಕಟ್ಟಿಗೆ ಪುಟ್ಟಿ ಮೆತ್ತಿ ಗಾಜು ಕೂಡಿಸಿದ ಅಜ್ಜಂದಿರ ಕಾಲದ ತೊಟ್ಟಿಗಳೂ ಅಲ್ಲಲ್ಲಿ ಉಳಿದಿವೆ. ವರ್ಷಗಟ್ಟಲೆ ಒಣಗಿದ ಪುಟ್ಟಿ ಸೀಳು ಬಿಟ್ಟಿರುತ್ತದೆ; ಅದರಲ್ಲಿ ಸೀಸ ಬೆರೆತಿರುವ ಸಂಭವವೂ ಉಂಟು. ಅಂಥದನ್ನು ನೆನಪಿಗೆಂದು ಇಟ್ಟುಕೊಳ್ಳಿರಿ, ಮೀನಿಗೆ ಬೇಡ.

ಗಾಜಿಗೆ ಕಟ್ಟಿದ ಬಿಳಿಯ ಕಲೆ ನೀರಿನ ಸುಣ್ಣ. ಅದಕ್ಕೆ ಸಾಬೂನು ನಾಟುವುದಿಲ್ಲ. ಮೇಲಾಗಿ ಸಾಬೂನಿನ ಅಂಶ ಉಳಿದರೆ ಮೀನಿಗೆ ಅಪಾಯ. ಲಿಂಬೆರಸದಲ್ಲಾಗಲಿ ವಿನೆಗರಿನಲ್ಲಾಗಲಿ ಅರಿವೆಯನ್ನು ತೊಯಿಸಿ ಕಲೆಯ ಮೇಲೆ ಒಂದು ತಾಸು ಹಚ್ಚಿಡಿರಿ. ಹುಳಿಗೆ ಸುಣ್ಣ ಕರಗುತ್ತದೆ. ಉಳಿದುದನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆಯಿರಿ. ಮೂಲೆಯ ಅಂಟಿಗೆ ಬ್ಲೇಡು ತಾಗದಿರಲಿ. ಬಳಿಕ ನಾಲ್ಕೈದು ಸಲ ನೀರಿನಿಂದ ತೊಳೆದು ಎರಡು ಮೂರು ದಿನ ಒಣಗಲು ಬಿಡಿರಿ.

ಆಮೇಲೆ ಸೋರಿಕೆಯ ಪರೀಕ್ಷೆ. ಅಂಗಳದಲ್ಲಿ ಮಟ್ಟಸವಾದ ಜಾಗದಲ್ಲಿ ಥರ್ಮೊಕೋಲ್ ಹಾಸಿ, ತೊಟ್ಟಿಯನ್ನಿಟ್ಟು, ಮೊದಲು ಕಾಲು ಭಾಗ, ಒಂದು ತಾಸಿನ ಮೇಲೆ ಅರ್ಧ, ಕೊನೆಗೆ ಪೂರ್ತಿ ತುಂಬಿರಿ. ಸುತ್ತಲೂ ಒಣ ಕಾಗದ ಹಾಸಿದರೆ ಹನಿ ಎಲ್ಲಿಂದ ಬಂದಿತೆಂದು ತಾನೇ ತೋರಿಸುತ್ತದೆ. ಎರಡು ದಿನ ಹಾಗೇ ಇರಲಿ. ಒಳಮೂಲೆಯಲ್ಲಿ ಜಿನುಗುತ್ತಿದ್ದರೆ ಸಿಲಿಕೋನ್ ಅಂಟಿನಿಂದ ಮುಚ್ಚಬಹುದು. ಆದರೆ ಒಂದು ಮಾತು ನೆನಪಿಡಬೇಕು: ಹೊಸ ಸಿಲಿಕೋನ್ ಹಳೆಯ ಸಿಲಿಕೋನಿಗೆ ಗಟ್ಟಿಯಾಗಿ ಹಿಡಿಯುವುದಿಲ್ಲ. ಸೋರುವ ಕಡೆ ಮೇಲೊಂದು ತೇಪೆ ಹಚ್ಚಿದರೆ ಆ ಕೆಲಸ ನಿಲ್ಲದು. ಒಳಮೂಲೆಗಳ ಹಳೆಯ ಅಂಟನ್ನೆಲ್ಲ ಬ್ಲೇಡಿನಿಂದ ಕಿತ್ತು, ಸ್ಪಿರಿಟ್‌ನಲ್ಲಿ ಒರಸಿ, ಎಲ್ಲ ಮೂಲೆಗಳಿಗೂ ಒಂದೇ ಸಲಕ್ಕೆ ಹೊಸದನ್ನು ಹಚ್ಚಬೇಕು. ಬಚ್ಚಲುಮನೆಗೆಂದು ಮಾರುವ, ಬೂಷ್ಟು ಹಿಡಿಯದಂತೆ ಔಷಧ ಬೆರೆಸಿದ ಸಿಲಿಕೋನ್ ಮೀನಿಗೆ ವಿಷ. ಮೀನಿನ ತೊಟ್ಟಿಗೆಂದೇ ಬರೆದಿರುವುದನ್ನು ಕೇಳಿ ತನ್ನಿರಿ. ಹಚ್ಚಿದ ಮೇಲೆ ಹುಳಿ ವಾಸನೆ ಪೂರ್ತಿ ಹೋಗುವವರೆಗೆ, ಒಂದು ವಾರವಾದರೂ, ನೀರು ತುಂಬಬೇಡಿರಿ. ಗಾಜುಗಳು ಕೂಡಿದ ಜಾಗವೇ ಬಿಟ್ಟಿದ್ದರೆ ಅದು ಗಾಜಿನ ಕೆಲಸದವರ ಕೈಗೆ ಕೊಡತಕ್ಕ ಕೆಲಸ.

ತೊಟ್ಟಿಯನ್ನು ಎಲ್ಲಿ ಇಡಬೇಕು? ನಾವು ಹೇಳಿದ ಅಳತೆಯ ತೊಟ್ಟಿಯಲ್ಲಿ ಸುಮಾರು ೫೫ ಲೀಟರು ನೀರು ಹಿಡಿಯುತ್ತದೆ. ನೀರು, ಮರಳು, ಗಾಜು ಕೂಡಿದರೆ ಮುಕ್ಕಾಲು ಕ್ವಿಂಟಲ್ ತೂಕ. ಆದುದರಿಂದ ರೇಡಿಯೋ ಇಡುವ ತೆಳುಗಾಲಿನ ಮೇಜು ಇದಕ್ಕೆ ಸಾಲದು. ಗಟ್ಟಿಯಾದ ಕಟ್ಟೆಯೋ ಕಲ್ಲಿನ ಹಲಗೆಯೋ ಬೇಕು. ರಸಮಟ್ಟ ಇಟ್ಟು ನೋಡಿರಿ; ಒಂದು ಮೂಲೆ ತಗ್ಗಿದರೆ ಗಾಜಿನ ಮೇಲೆ ಎಳೆತ ಬಿದ್ದು ಮುಂದೆ ಸೀಳುತ್ತದೆ. ಕಿಟಕಿಯ ಬೆಳಕು ಬೀಳಲಿ, ಮಧ್ಯಾಹ್ನದ ಬಿಸಿಲು ಬೀಳದಿರಲಿ. ಬೇಸಿಗೆಯಲ್ಲಿ ನೀರು ಕಾಯ್ದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆಯಾಗುತ್ತದೆ. ೨೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ಒಂದು ಲೀಟರು ನೀರು ಸುಮಾರು ೯ ಮಿಲಿಗ್ರಾಂ ಆಮ್ಲಜನಕ ಹಿಡಿದರೆ, ೩೦ ಡಿಗ್ರಿಯಲ್ಲಿ ಏಳೂವರೆ ಮಿಲಿಗ್ರಾಂ ಮಾತ್ರ ಹಿಡಿಯುತ್ತದೆ.

ಈಗ ತಳದ ಮಣ್ಣು. ಗಿಡ ಬೇರೂರಲು ಒಂದು ಅಂಗುಲ ಮಣ್ಣು, ಅದರ ಮೇಲೆ ಒಂದೂವರೆ ಅಂಗುಲ ಮರಳು ಸಾಕು. ನಮ್ಮ ಎರಿ ಮಣ್ಣು ಹತ್ತಿಗೆ ಬಂಗಾರ, ತೊಟ್ಟಿಗೆ ತೊಂದರೆ. ಅದು ನೀರಿನಲ್ಲಿ ಉಬ್ಬಿ ರಾಡಿಯಾಗುತ್ತದೆ. ಅದರಲ್ಲಿ ಸುಣ್ಣವೂ ಉಪ್ಪೂ ಸೇರಿರುತ್ತವೆ. ಮೇಲಾಗಿ ಹತ್ತಿಯ ಹೊಲಕ್ಕೂ ಮೆಣಸಿನಕಾಯಿಯ ಹೊಲಕ್ಕೂ ಸಿಂಪಡಿಸಿದ ಕೀಟನಾಶಕದ ಶೇಷ ಮಣ್ಣಿನಲ್ಲಿರಬಹುದು. ಕಲಘಟಗಿಯ ಕಡೆಯ ಮಸಾರಿ ಮಣ್ಣು, ಔಷಧ ಗೊಬ್ಬರ ಕಾಣದ ಜಾಗದ್ದು, ಇದಕ್ಕೆ ಉತ್ತಮ. ಸಾಣಿಗೆಯಲ್ಲಿ ಸೋಸಿ ಕಡ್ಡಿ ಬೇರುಗಳನ್ನು ತೆಗೆಯಿರಿ. ಮರಳನ್ನು ತೊಳೆದ ನೀರು ತಿಳಿಯಾಗುವವರೆಗೆ ತೊಳೆಯಿರಿ. ಹಳ್ಳದ ಮರಳಿನಲ್ಲಿ ಸುಣ್ಣದ ಹರಳುಗಳು ಬೆರೆತಿವೆಯೇ ಎಂದು ತಿಳಿಯಲು ಒಂದು ಹಿಡಿ ಮರಳಿನ ಮೇಲೆ ಲಿಂಬೆರಸ ಹಿಂಡಿರಿ. ಬುರುಗು ಎದ್ದರೆ ಸುಣ್ಣವಿದೆ. ಆ ಮರಳು ನೀರನ್ನು ಇನ್ನಷ್ಟು ಗಡಸು ಮಾಡುತ್ತದೆ.

ನೀರಿನ ಆಯ್ಕೆಯೇ ಇಡೀ ಕೆಲಸದ ತಿರುಳು. ಬೇಳೆ ಬೇಗ ಬೇಯುವುದಿಲ್ಲ, ಸಾಬೂನು ನೊರೆ ಬಿಡುವುದಿಲ್ಲ ಎಂದರೆ ಅದು ಗಡಸು ನೀರೆಂದು ಮನೆಯ ಹೆಣ್ಣುಮಕ್ಕಳು ಬಲ್ಲರು. ನವಲಗುಂದ, ಅಣ್ಣಿಗೇರಿಗಳ ಕೊಳವೆಬಾವಿಯ ನೀರು ಸಾಮಾನ್ಯವಾಗಿ ಈ ಬಗೆಯದು. ಅದರಲ್ಲಿ ಕ್ಷಾರವೂ ಇರುತ್ತದೆ. ಕ್ಷಾರದ ನೀರಿನಲ್ಲಿ ಅಮೋನಿಯದ ವಿಷ ಹೆಚ್ಚು ತೀಕ್ಷ್ಣ. ನೀರು ಬಿಸಿಯಾದರೆ ಇನ್ನೂ ತೀಕ್ಷ್ಣ. ಮೃದುವಾದ ನೀರಿನಲ್ಲಿ ಹೇಗೋ ತಡೆದುಕೊಳ್ಳುವ ಮೀನು ಇಲ್ಲಿ ಅಷ್ಟೇ ಅಮೋನಿಯಕ್ಕೆ ಸಾಯುತ್ತದೆ. ಆದಕಾರಣ ನೀರು ಸಿದ್ಧವಾಗುವವರೆಗೆ ಕಾಯುವ ನಿಯಮ ಎರಿ ನಾಡಿಗೆ ಎರಡು ಪಟ್ಟು ಅನ್ವಯಿಸುತ್ತದೆ. ಸವಳು ನೀರನ್ನು ಹಾಗೆಯೇ ತುಂಬದೆ, ಮಾಳಿಗೆಯಿಂದ ಹಿಡಿದ ಮಳೆನೀರನ್ನಾಗಲಿ ಶುದ್ಧ ನೀರಿನ ಘಟಕದಿಂದ ತಂದ ನೀರನ್ನಾಗಲಿ ಸಮಪಾಲು ಬೆರೆಸಿರಿ. ಘಟಕದ ನೀರೊಂದನ್ನೇ ತುಂಬುವುದೂ ಸರಿಯಲ್ಲ. ಗಿಡಕ್ಕೂ ಮೀನಿಗೂ ಬೇಕಾದ ಲವಣಗಳು ಅದರಲ್ಲಿ ಬಹಳ ಕಡಿಮೆ. ನಳದ ನೀರಿನಲ್ಲಿ ಕ್ಲೋರಿನ್ ವಾಸನೆಯಿದ್ದರೆ ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಡಬೇಕು. ನೀರು ತುಂಬುವಾಗ ಮರಳಿನ ಮೇಲೆ ಒಂದು ತಾಟನ್ನಿಟ್ಟು ಅದರ ಮೇಲೆ ಮೆಲ್ಲಗೆ ಸುರಿದರೆ ತಳ ಕದಡದು.

ಅರ್ಧ ನೀರು ತುಂಬಿದಾಗ ಗಿಡ ನೆಡುವುದು ಸುಲಭ. ಮೊದಲಿಗರಿಗೆ ಮೂರು ಗಿಡಗಳು ಸಾಕು. ವಾರಿಂಗ್‌ಟನ್ನರು ನೆಚ್ಚಿದ ವ್ಯಾಲಿಸ್ನೇರಿಯ ಪಟ್ಟಿಯಂಥ ಉದ್ದನೆಯ ಎಲೆಯದು. ಗಡಸು ನೀರಿಗೂ ಬೆದರದು. ಅದನ್ನು ಹಿಂಬದಿಯಲ್ಲಿ ನೆಡಿರಿ. ಬೇರು ಮರಳಿನೊಳಗಿರಲಿ, ಎಲೆಗಳು ಹೊರಡುವ ಬುಡ ಹೂತುಹೋಗದಿರಲಿ. ಎರಡನೆಯದು ಹೈಡ್ರಿಲ್ಲ. ಶಾಲೆಯಲ್ಲಿ ಇದರ ಮೇಲೆ ಗಾಜಿನ ಆಲಿಕೆ ಬೋರಲು ಹಾಕಿ, ಬಿಸಿಲಿನಲ್ಲಿ ಆಮ್ಲಜನಕದ ಗುಳ್ಳೆಗಳು ಏಳುವುದನ್ನು ನೀವು ನೋಡಿರಬೇಕು. ಮೂರನೆಯದು ಅಂಗಡಿಗಳಲ್ಲಿ ಹಾರ್ನ್‌ವರ್ಟ್ ಎಂದು ಕರೆಯುವ ಸೆರಟೊಫಿಲ್ಲಂ. ಇದಕ್ಕೆ ಬೇರೇ ಇಲ್ಲ, ತೇಲಬಿಟ್ಟರೆ ಸಾಕು. ಬೇಗ ಬೆಳೆಯುವ ಇಂಥ ಗಿಡಗಳು ಅಮೋನಿಯವನ್ನು ನೇರವಾಗಿಯೇ ಹೀರುತ್ತವೆ. ಮಿತವ್ಯಯದ ದೃಷ್ಟಿಯಿಂದಲೂ ಗಿಡದ ತೊಟ್ಟಿ ಲೇಸು. ಕರೆಂಟು ಹೋದಾಗ ಪಂಪು ನಿಲ್ಲುತ್ತದೆ, ಗಿಡದ ಕೆಲಸ ಹಗಲಿನಲ್ಲಿ ನಿಲ್ಲುವುದಿಲ್ಲ. ಗಿಡಗಳನ್ನು ದಟ್ಟವಾಗಿ ನೆಡಿರಿ. ವಿರಳವಾಗಿ ನೆಟ್ಟರೆ ಉಳಿದ ಬೆಳಕೂ ಗೊಬ್ಬರವೂ ಪಾಚಿಯ ಪಾಲಾಗುತ್ತವೆ. ಬೆಳಕು ದಿನಕ್ಕೆ ಎಂಟು ತಾಸು ಸಾಕು. ಕಿಟಕಿ ಸಾಲದಿದ್ದರೆ ಒಂದು ಸಾಧಾರಣ ಎಲ್‌ಇಡಿ ದೀಪ ಹಾಕಬಹುದು.

ಗಿಡವನ್ನು ಹಳ್ಳಕೊಳ್ಳಗಳಿಂದ ತಂದರೆ ಚೆನ್ನಾಗಿ ತೊಳೆದು ಒಂದು ವಾರ ಬೇರೆ ಬಕೆಟ್ಟಿನಲ್ಲಿ ಇಡಿರಿ. ಜಿಗಣೆ, ತುಂಬಿಯ ಮರಿಹುಳು ಮುಂತಾದವು ಅದರೊಡನೆ ಬರುತ್ತವೆ. ತುಂಬಿಯ ಮರಿ ಸಣ್ಣ ಮೀನನ್ನು ಹಿಡಿದು ತಿನ್ನಬಲ್ಲುದು. ಎರಡು ಮೂರು ಬಸವನಹುಳು ಬಂದರೆ ಬರಲಿ, ಅವು ಜಾಡಮಾಲಿಯ ಕೆಲಸ ಮಾಡುತ್ತವೆ.

ಇನ್ನು ಕಾಯುವ ಕಾಲ. ಮಕ್ಕಳಿಗೆ ಇದೇ ಕಠಿಣವಾದ ಭಾಗ. ಮೀನಿಲ್ಲದ ತೊಟ್ಟಿಗೆ ಎರಡು ದಿನಕ್ಕೊಮ್ಮೆ ಒಂದು ಚಿಟಿಕೆ ಮೀನಿನ ಆಹಾರ ಹಾಕುತ್ತಿರಿ. ಅದು ಕೊಳೆತು ಅಮೋನಿಯ ಹುಟ್ಟುತ್ತದೆ. ಅದನ್ನು ತಿನ್ನುವ ಬ್ಯಾಕ್ಟೀರಿಯಗಳು ಹೆಚ್ಚುತ್ತವೆ. ಪರಿಚಿತರ ಮನೆಯಲ್ಲಿ ಆರೋಗ್ಯವಾಗಿ ನಡೆಯುವ ತೊಟ್ಟಿಯಿದ್ದರೆ ಅದರ ತಳದಿಂದ ಒಂದು ಹಿಡಿ ಮರಳನ್ನು ಹಸಿಯಾಗಿಯೇ ತಂದು ಹಾಕಿರಿ. ಹಾಲಿಗೆ ಹೆಪ್ಪು ಹಾಕಿದಂತೆ ಕೆಲಸ ಬೇಗ ಸಾಗುತ್ತದೆ. ಮೊದಲ ವಾರ ನೀರು ಹಾಲಿನಂತೆ ಮಬ್ಬಾಗಬಹುದು, ಗಾಜಿಗೆ ಕಂದು ಪಾಚಿ ಹತ್ತಬಹುದು. ಹೆದರಿ ಎಲ್ಲವನ್ನೂ ಚೆಲ್ಲಿ ತೊಳೆದರೆ ಮೊದಲಿನಿಂದ ಎಣಿಸಬೇಕಾಗುತ್ತದೆ. ಅಮೋನಿಯ, ನೈಟ್ರೈಟುಗಳನ್ನು ಪರೀಕ್ಷಿಸುವ ಹನಿಮದ್ದು ಮೀನಿನ ಅಂಗಡಿಗಳಲ್ಲಿ ದೊರೆಯುತ್ತದೆ. ಎರಡೂ ಸೊನ್ನೆಯಾಗಿ, ಗಿಡಗಳು ಹೊಸ ಚಿಗುರು ಬಿಟ್ಟರೆ ನೀರು ಸಿದ್ಧವಾಯಿತೆಂದು ತಿಳಿಯಿರಿ.

ಯಾವ ಮೀನು? ನೀರನ್ನು ನೋಡಿ ಮೀನನ್ನು ಆರಿಸಬೇಕು. ಗಡಸು ನೀರಿನ ಊರಿಗೆ ಗಪ್ಪಿ, ಮೋಲಿಗಳು ಹೇಳಿ ಮಾಡಿಸಿದಂಥವು. ಸೊಳ್ಳೆಯ ಮರಿಗಳನ್ನು ತಿನ್ನಲೆಂದು ಆರೋಗ್ಯ ಇಲಾಖೆಯವರು ತೊಟ್ಟಿಗಳಿಗೆ ಬಿಡುವ ಮೀನೂ ಗಪ್ಪಿಯೇ. ಇವು ಮೊಟ್ಟೆಯಿಡದೆ ಮರಿಹಾಕುತ್ತವೆ, ಸುಮಾರು ತಿಂಗಳಿಗೊಂದು ಸೂಲು. ಆದುದರಿಂದ ಐದಾರರಿಂದ ಆರಂಭಿಸಿದರೆ ಸಾಕು. ಕಲಘಟಗಿಯಂಥ ಮಲೆನಾಡಿನ ಸೆರಗಿನ ಊರುಗಳಲ್ಲಿ ನೀರು ಮೃದುವಾಗಿದ್ದರೆ ನಮ್ಮ ದೇಶದವೇ ಆದ ಪಟ್ಟೆಪಟ್ಟೆಯ ಜೀಬ್ರಾ ಮೀನು, ರಾಸ್ಬೋರಗಳನ್ನು ಎಂಟು ಹತ್ತು ಇಡಬಹುದು. ಅವು ಗುಂಪಿನಲ್ಲಿ ಸುಖವಾಗಿರುತ್ತವೆ. ಚಿನ್ನದ ಮೀನು ಎಲ್ಲರಿಗೂ ಪ್ರಿಯವಾದರೂ ಈ ತೊಟ್ಟಿಗೆ ತಕ್ಕುದಲ್ಲ. ಅದು ಗೇಣುದ್ದಕ್ಕೂ ಮಿಕ್ಕಿ ಬೆಳೆಯಬಲ್ಲುದು, ಹೆಚ್ಚು ಹೊಲಸು ಮಾಡುತ್ತದೆ, ಎಳೆಯ ಗಿಡಗಳನ್ನು ಕಿತ್ತು ತಿನ್ನುತ್ತದೆ. ತಂದ ಮೀನನ್ನು ಚೀಲಸಹಿತ ಕಾಲು ತಾಸು ತೊಟ್ಟಿಯ ನೀರಿನಲ್ಲಿ ತೇಲಿಸಿ, ಸ್ವಲ್ಪಸ್ವಲ್ಪವಾಗಿ ತೊಟ್ಟಿಯ ನೀರನ್ನು ಚೀಲಕ್ಕೆ ಬೆರೆಸಿ, ಆಮೇಲೆ ಬಿಡಿರಿ. ಮೊದಲ ವಾರ ಅರ್ಧ, ಎರಡು ವಾರದ ಮೇಲೆ ಉಳಿದರ್ಧ ತರುವುದು ಜಾಣತನ.

ದಿನದ ಪಾಲನೆ ಹೆಚ್ಚಿನದೇನಲ್ಲ. ದಿನಕ್ಕೊಮ್ಮೆ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕಿರಿ. ವಾರಕ್ಕೊಂದು ದಿನ ಮೀನಿಗೂ ಉಪವಾಸವಿರಲಿ, ಬಾಧೆಯಿಲ್ಲ. ಮನೆಯಲ್ಲಿ ಒಬ್ಬರೇ ಆಹಾರ ಹಾಕುವ ಪದ್ಧತಿಯಿಟ್ಟರೆ ಅಜ್ಜಿಯೊಂದು ಸಲ, ಮೊಮ್ಮಗನೊಂದು ಸಲ ಹಾಕಿ ನೀರು ಕೆಡುವುದು ತಪ್ಪುತ್ತದೆ. ವಾರಕ್ಕೊಮ್ಮೆ ನಳಿಕೆಯಿಂದ ಕಾಲು ಭಾಗ ನೀರು ತೆಗೆದು, ಅಷ್ಟೇ ಹೊಸ ನೀರು ಹಾಕಿರಿ. ನೀರಿಗೆ ಬರವಿರುವ ಊರಿನಲ್ಲಿ ಇದು ದಂಡವೆನಿಸಬಹುದು. ಆದರೆ ತೆಗೆದ ನೀರು ಗೊಬ್ಬರದ ನೀರು, ತುಳಸಿಗೂ ಮಲ್ಲಿಗೆಗೂ ಹಾಕಿರಿ. ಬೇಸಿಗೆಯಲ್ಲಿ ನೀರು ಆವಿಯಾಗಿ ಇಳಿದಾಗ ಮತ್ತೆ ಮತ್ತೆ ಗಡಸು ನೀರನ್ನೇ ಸುರಿದರೆ ಉಪ್ಪು ಸೇರುತ್ತಾ ಹೋಗುತ್ತದೆ. ಆ ಕೊರತೆಯನ್ನು ಮಳೆನೀರಿನಿಂದಲೋ ಘಟಕದ ನೀರಿನಿಂದಲೋ ತುಂಬಿರಿ. ಸೊಳ್ಳೆಬತ್ತಿ, ಸಿಂಪಡಿಸುವ ಸೊಳ್ಳೆ ಔಷಧಗಳನ್ನು ತೊಟ್ಟಿಯಿರುವ ಕೋಣೆಯಲ್ಲಿ ಬಳಸಬೇಡಿರಿ. ಅವುಗಳಲ್ಲಿರುವ ಪೈರಿಥ್ರಾಯ್ಡ್ ವಸ್ತು ಮನುಷ್ಯರಿಗಿಂತ ಮೀನಿಗೆ ಬಹು ಬೇಗ ತಾಗುತ್ತದೆ. ಹೊಲದಲ್ಲಿ ಔಷಧ ಹೊಡೆದು ಬಂದವರು ಕೈ ತೊಳೆಯದೆ ತೊಟ್ಟಿಯನ್ನು ಮುಟ್ಟಬಾರದು.

ಕೊನೆಯದಾಗಿ ಒಂದು ಎಚ್ಚರಿಕೆ. ಇದು ನಿಮ್ಮ ತೊಟ್ಟಿಗಿಂತ ದೊಡ್ಡ ವಿಷಯ. ನಿಮಗೂ ವರ್ಗವಾಗಬಹುದು, ಮಕ್ಕಳು ಓದಲು ಪರವೂರಿಗೆ ಹೋಗಬಹುದು, ತೊಟ್ಟಿಯನ್ನು ನೋಡಿಕೊಳ್ಳುವವರು ಇಲ್ಲವಾಗಬಹುದು. ಆಗ ಪುಣ್ಯದ ಕೆಲಸವೆಂದು ಮೀನುಗಳನ್ನೂ ಗಿಡಗಳನ್ನೂ ಊರ ಕೆರೆಗೆ ಬಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿರಿ. ದಕ್ಷಿಣ ಅಮೆರಿಕದಿಂದ ಅಲಂಕಾರಕ್ಕೆಂದು ಬಂದ ನೀಲಿ ಹೂವಿನ ನೀರುಗಿಡವೊಂದು ಎಷ್ಟು ಕೆರೆಗಳನ್ನು ಮುಚ್ಚಿಹಾಕಿದೆಯೆಂಬುದನ್ನು ಎಲ್ಲರೂ ಕಂಡಿದ್ದೇವೆ. ಅದೇ ಖಂಡದ, ಗಾಜಿಗೆ ಬಾಯಿ ಹಚ್ಚಿಕೊಂಡಿರುವ ಸಕ್ಕರ್ ಮೀನು ಹೀಗೆಯೇ ತೊಟ್ಟಿಗಳಿಂದ ಹೊರಬಿದ್ದು ನಮ್ಮ ದೇಶದ ಅನೇಕ ಕೆರೆ ನದಿಗಳಲ್ಲಿ ಬೇರೂರಿದೆ. ಊರ ಮೀನುಗಳಿಗೆ ಜಾಗವಿಲ್ಲದಂತೆ ಮಾಡುತ್ತಿದೆ. ಗಪ್ಪಿಯೂ ಪರದೇಶದ್ದೇ. ಕೆರೆಯ ನೀರನ್ನೇ ಕುಡಿಯುವ ಊರುಗಳವರಾದ ನಾವು ಈ ವಿಷಯದಲ್ಲಿ ಇತರರಿಗಿಂತ ಹೆಚ್ಚು ಜಾಗರೂಕರಾಗಿರಬೇಕು. ತೊಟ್ಟಿಯನ್ನು ಮೀನು, ಮರಳು, ಗಿಡಗಳ ಸಹಿತ ಇನ್ನೊಂದು ಮನೆಗೆ ಕೊಡಿರಿ. ಮರಳು ಹಸಿಯಾಗಿದ್ದರೆ ಅದರಲ್ಲಿ ನೆಲೆಸಿದ ಬ್ಯಾಕ್ಟೀರಿಯಗಳೂ ಜೊತೆಗೆ ಹೋಗುತ್ತವೆ. ತೆಗೆದುಕೊಂಡವರು ಆರು ವಾರ ಕಾಯಬೇಕಾಗಿಲ್ಲ. ಬರಿಯ ಗಾಜನ್ನು ಕೊಡುವುದಕ್ಕಿಂತ ಅದು ಎಷ್ಟೋ ಹೆಚ್ಚಿನ ಕೊಡುಗೆ.